ರಕ್ತದೊಳಗೆ ಗಾಳಿಯ ಗುಳ್ಳೆ: ಭಯ ಎಷ್ಟು, ಅಪಾಯ ಎಷ್ಟು?

ಗಾಳಿಯಿಲ್ಲದೆ ಕೆಲವು ನಿಮಿಷ ಕೂಡ ಬದುಕಲಾರದ ಜೀವಿ ಮನುಷ್ಯ. ಆದರೆ ಅದೇ ಗಾಳಿ ಮೂಗಿನ ದಾರಿ ಬಿಟ್ಟು ಸೂಜಿಯ ದಾರಿ ಹಿಡಿದು ಒಳಗೆ ಹೋದರೆ ಪ್ರಾಣಕ್ಕೇ ಸಂಚಕಾರ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಇದರಲ್ಲಿ ನಿಜವೆಷ್ಟು, ಬರೀ ಭಯವೆಷ್ಟು, ಯಾವ ಗುಳ್ಳೆಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಓದಿ, ಕೇಳಿ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಡೆಬಿಟ್ ಕ್ರೆಡಿಟ್ ಬರೆಯುವವನು ಡಾಕ್ಟರಕಿ ಮಾಡಲು ಹೊರಟನೇ ಎಂದು ಸಂಘದ ಗೆಳೆಯರು ನಗಬಹುದು. ನಗಲಿ. ಸಲಾಯಿನ್ ಬಾಟ್ಲಿಯ ಕೆಳಗೆ ಸ್ಟೂಲ್ ಹಾಕಿಕೊಂಡು ರಾತ್ರಿ ಕಳೆಯುವವರು ಡಾಕ್ಟರರಲ್ಲ, ನಮ್ಮಂಥ ಮನೆಮಂದಿಯೇ. ನಮ್ಮ ವಿಕ್ರೋಳಿಯಲ್ಲಿ ಪಾರ್ಕ್‌ಸೈಟ್ ಇರಲಿ, ಕನ್ನಮ್ವಾರ್ ನಗರ ಇರಲಿ, ಟಾಗೋರ್ ನಗರ ಇರಲಿ, ಮಳೆಗಾಲ ಬಂತೆಂದರೆ ಡೆಂಗ್ಯೂ, ಮಲೇರಿಯಾ, ಲೆಪ್ಟೊ ಎಂದು ಆಸ್ಪತ್ರೆಗೆ ಓಡುವುದು ತಪ್ಪಿದ್ದಲ್ಲ. ಓಡಿದ ಮೇಲೆ ಮೊದಲು ಆಗೋದು ಸಲಾಯಿನ್ ಹಚ್ಚೋದು.

ಕಳೆದ ಮಳೆಗಾಲದಲ್ಲಿ ನಮ್ಮ ಕಾಕಾನಿಗೆ ಡೆಂಗ್ಯೂ ಆಗಿ ಉಪನಗರದ ಒಂದು ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಕಾಕಿ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ನನಗೂ ಮುಚ್ಚಗೊಡಲಿಲ್ಲ. "ತಮ್ಮಾ, ಮಲಕೋಬ್ಯಾಡ. ಬಾಟ್ಲಿ ತೀರಿತಂದ್ರ ಗಾಳಿ ಹೊಕ್ಕತೈತಿ, ಗಾಳಿ ಹೊಕ್ಕತಂದ್ರ ಎದಿ ನಿಂತ ಹೋಗ್ತೈತಿ" ಎಂದು ಬಾಟ್ಲಿಯನ್ನೇ ನೋಡುತ್ತ ಕೂತಿರುತ್ತಿದ್ದರು. ಅದು ಹೋಗಲಿ, ನಿದ್ದೆ ಕೆಟ್ಟಿತು ಅಷ್ಟೇ. ಪಕ್ಕದ ಮಂಚದಲ್ಲಿ ಆದದ್ದು ಬೇರೆ. ಅಲ್ಲಿದ್ದ ವಯಸ್ಸಾದವರ ಮಗ ರಾತ್ರಿ ಎರಡು ಗಂಟೆಗೆ ನಳಿಕೆಯಲ್ಲಿ ಒಂದು ಬೆರಳಿನಷ್ಟು ಉದ್ದದ ಗುಳ್ಳೆ ಇಳಿಯುವುದನ್ನು ಕಂಡು, ಗಾಬರಿಯಿಂದ ಸೂಜಿಯನ್ನೇ ಕಿತ್ತುಬಿಟ್ಟ. ಹಾಸಿಗೆ ತುಂಬ ರಕ್ತ. ಬಾತುಕೊಂಡಿದ್ದ ಕೈಯಲ್ಲಿ ಮತ್ತೆ ನರ ಸಿಗದೆ ಬೆಳಗಿನವರೆಗೆ ಔಷಧ ನಿಂತಿತು, ಜ್ವರ ಏರಿತು. ನರ್ಸ್‌ಬಾಯಿ ಸಿಟ್ಟಿನಿಂದ, "ಅಹೋ, ಎವಢ್ಯಾ ಹವೇನೇ ಕಾಹೀ ಹೋತ ನಾಹೀ" ಎಂದರು, ಅಂದರೆ ಇಷ್ಟು ಗಾಳಿಗೆ ಏನೂ ಆಗೋದಿಲ್ಲ ಅಂತ. ಹಾಗಾದರೆ ಎಷ್ಟು ಗಾಳಿಗೆ ಆಗ್ತದೆ? ಕೇಳುವಷ್ಟರಲ್ಲಿ ಆಕೆ ಇನ್ನೊಂದು ಮಂಚಕ್ಕೆ ಹೋಗಿಯಾಗಿತ್ತು. ನಾನು ಉತ್ತರ ಹುಡುಕಲು ಹೊರಟದ್ದು ಆ ಪ್ರಶ್ನೆಗೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಉಸಿರಾಡಿದ ಗಾಳಿಯೂ ರಕ್ತಕ್ಕೇ ಹೋಗುತ್ತದಲ್ಲ, ಅದು ಯಾಕೆ ಅಪಾಯ ಮಾಡುವುದಿಲ್ಲ? ಯಾಕೆಂದರೆ ಅದು ಗುಳ್ಳೆಯಾಗಿ ಹೋಗುವುದಿಲ್ಲ. ಶ್ವಾಸಕೋಶದ ತೆಳುಪೊರೆ ದಾಟಿದ ಆಮ್ಲಜನಕ ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಆಮ್ಲಜನಕ ಮತ್ತು ಸಾರಜನಕ, ಚಹಾದಲ್ಲಿ ಸಕ್ಕರೆ ಕರಗುವ ಹಾಗೆ, ರಕ್ತದಲ್ಲಿ ಕರಗುತ್ತವೆ. ಕರಗಿದ ಗಾಳಿಗೆ ಜಾಗ ಬೇಡ. ಗುಳ್ಳೆಗೆ ಜಾಗ ಬೇಕು, ತೊಂದರೆ ಇರೋದು ಅಲ್ಲೇ.

ಈಗ ಗುಳ್ಳೆಯ ಪ್ರಯಾಣ ನೋಡೋಣ. ಎಂಟನೆಯ ಇಯತ್ತೆಯ ವಿಜ್ಞಾನ ಪುಸ್ತಕದ ಹೃದಯದ ಚಿತ್ರ ನೆನಪು ಮಾಡಿಕೊಳ್ಳಿ. (ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಹೃತ್ಕರ್ಣ, ಹೃತ್ಕುಕ್ಷಿ, ಲೋಮನಾಳ ಎಂಬ ಶಬ್ದಗಳು ಬಾಯಿಪಾಠವಾಗಿರುತ್ತವೆ. ಅವು ಮುಂದೆ ಯಾವ ಕೆಲಸಕ್ಕೆ ಬರುತ್ತವೆ ಎಂದು ಆಗ ಗೊತ್ತಿರಲಿಲ್ಲ.) ಸೂಜಿ ಚುಚ್ಚುವುದು ಅಭಿಧಮನಿಗೆ. ಕೈಯ ಅಭಿಧಮನಿಯಿಂದ ರಕ್ತ ಹೃದಯದ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸಕೋಶದಲ್ಲಿ ಕೂದಲಿಗಿಂತ ಸಣ್ಣ ಲೋಮನಾಳಗಳ ಬಲೆಯೇ ಇದೆ. ಸಣ್ಣ ಗುಳ್ಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ನಿಧಾನವಾಗಿ ಕರಗುತ್ತದೆ, ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಶ್ವಾಸಕೋಶ ನಮಗೆ ಗೊತ್ತಿಲ್ಲದಂತೆ ಚಹಾ ಸೋಸುವ ಜರಡಿಯ ಕೆಲಸವನ್ನೂ ಮಾಡುತ್ತಿದೆ ಎನ್ನಬಹುದು.

ಇದಕ್ಕೊಂದು ಸಾಕ್ಷಿ ಕೊಡುತ್ತೇನೆ. ಹೃದಯದ ಎರಡು ಕಡೆಗಳ ನಡುವಿನ ಗೋಡೆಯಲ್ಲಿ ರಂಧ್ರ ಇದೆಯೋ ಎಂದು ನೋಡಬೇಕಾದರೆ ಡಾಕ್ಟರರೇ ಸ್ವಲ್ಪ ಸಲಾಯಿನ್ ನೀರಿಗೆ ಚೂರು ಗಾಳಿ ಬೆರೆಸಿ, ಎರಡು ಸಿರಿಂಜಿನ ನಡುವೆ ಆಚೀಚೆ ನೂಕಿ, ನೊರೆಯೆಬ್ಬಿಸಿ, ಬೇಕೆಂತಲೇ ಕೈಯ ನರಕ್ಕೆ ಹಾಕುತ್ತಾರೆ. ಸೋನೋಗ್ರಾಫಿಯ ಪರದೆಯ ಮೇಲೆ ಗುಳ್ಳೆಗಳು ಬಿಳಿ ಚುಕ್ಕೆಗಳಾಗಿ ಬಲಗಡೆ ಮಾತ್ರ ಕಂಡರೆ ಗೋಡೆ ಸರಿ ಇದೆ, ಕೂಡಲೇ ಎಡಗಡೆ ಕಂಡರೆ ರಂಧ್ರ ಇದೆ. ಸಣ್ಣ ಗುಳ್ಳೆಯೆಲ್ಲ ಕೊಲ್ಲುವಂತಿದ್ದರೆ ಈ ಪರೀಕ್ಷೆಯನ್ನು ಯಾರು ಮಾಡುತ್ತಿದ್ದರು?

ಆದರೆ ಗಾಳಿ ಹೆಚ್ಚಾಗಿ, ಒಮ್ಮೆಲೇ ನುಗ್ಗಿದರೆ ಕಥೆ ಬೇರೆ. ಊರಲ್ಲಿ ಬಾವಿಗೆ ಪಂಪ್‌ಸೆಟ್ ಕೂರಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೋಟರ್ ಗರ್ರಂತ ತಿರುಗ್ತದೆ, ಪೈಪಿನಲ್ಲಿ ನೀರು ಬರೋದಿಲ್ಲ. "ಗಾಳಿ ಹಿಡದೈತಿ" ಅಂತಾರೆ. ನೀರನ್ನು ಹಿಂಡಿ ಸಣ್ಣದು ಮಾಡಲು ಬರುವುದಿಲ್ಲ, ಅದಕ್ಕೇ ಅದು ಮುಂದೆ ಹೋಗುತ್ತದೆ. ಗಾಳಿ ಹಿಂಡಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ, ಇದ್ದಲ್ಲೇ ಇರುತ್ತದೆ. ಬಲ ಹೃತ್ಕುಕ್ಷಿಯಲ್ಲಿ ಗಾಳಿ ತುಂಬಿ ರಕ್ತದ ಜೊತೆ ನೊರೆಯಾದಾಗ ಹೃದಯದ ಗತಿಯೂ ಇದೇ. ಬಡಿಯುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ಆಗ ಎದೆಗೆ ಕಿವಿಯಿಟ್ಟರೆ ಒಂದು ವಿಚಿತ್ರ ಸದ್ದು ಕೇಳಬಹುದಂತೆ, ಅದಕ್ಕೆ ವೈದ್ಯರು ಗಿರಣಿ ಚಕ್ರದ ಸದ್ದು ಎಂದು ಹೆಸರಿಟ್ಟಿದ್ದಾರೆ. ಮುಂಬಯಿಯವರು ಗಿರಣಿ ಎಂದ ಕೂಡಲೇ ಪರೇಲ್ ಲಾಲ್‌ಬಾಗಿನ ಬಟ್ಟೆ ಗಿರಣಿ ಎಂದು ತಿಳಿಯಬಾರದು. ಇದು ಹೊಳೆಯ ನೀರಿನಿಂದ ತಿರುಗುತ್ತಿದ್ದ ಹಳೆಯ ಕಾಲದ ಬೀಸುವ ಗಿರಣಿಯ ಚಕ್ರ, ನೀರಲ್ಲಿ ಛಪ್ ಛಪ್ ಎಂದು ಬಡಿಯುವಂಥದು.

ಹಾಗಾದರೆ "ಹೆಚ್ಚು" ಅಂದರೆ ಎಷ್ಟು? ಇಲ್ಲಿ ನಮ್ಮ ಕಾಮರ್ಸಿನ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡಲಾಗುವುದಿಲ್ಲ. ಆಕಸ್ಮಿಕವಾಗಿ ನಡೆದುಹೋದ ಪ್ರಕರಣಗಳಿಂದ ವೈದ್ಯರು ಮಾಡಿದ ಅಂದಾಜಿನ ಪ್ರಕಾರ ದೊಡ್ಡವರಿಗೆ ಪ್ರಾಣಾಂತಿಕವಾಗುವ ಗಾಳಿ ಸುಮಾರು 200ರಿಂದ 300 ಮಿಲಿ ಲೀಟರ್, ಅಥವಾ ದೇಹತೂಕದ ಕಿಲೋಗೆ 3ರಿಂದ 5 ಮಿಲಿ. 60 ಕಿಲೋ ತೂಕದವರಿಗೆ 180ರಿಂದ 300 ಮಿಲಿ ಎಂದಾಯಿತು, ಅಂದರೆ ಎರಡು ಮೂರು ಕಟಿಂಗ್ ಚಹಾದ ಗ್ಲಾಸಿನಷ್ಟು. ಅದೂ ಬೇಗ ಬೇಗ ಹೋಗಬೇಕು. ಇನ್ನು ಸಲಾಯಿನ್ನಿನ ನಳಿಕೆಯಲ್ಲಿ ಎಷ್ಟು ಹಿಡಿಯುತ್ತದೆ? ಒಳಗಿನ ಅಡ್ಡಳತೆ 3 ಮಿಲಿಮೀಟರ್, ಉದ್ದ 150 ಸೆಂಟಿಮೀಟರ್ ಎಂದು ಹಿಡಿಯಿರಿ. ಶಾಲೆಯ ಸಿಲಿಂಡರಿನ ಸೂತ್ರ ಹಚ್ಚಿದರೆ ಇಡೀ ನಳಿಕೆಯಲ್ಲಿ ಹಿಡಿಯುವುದು ಸುಮಾರು 10.6 ಮಿಲಿ. ಪಕ್ಕದ ಮಂಚದ ಆ ಮಗ ಕಂಡ ಗುಳ್ಳೆ 6 ಸೆಂಟಿಮೀಟರ್ ಇತ್ತೆಂದರೂ ಅರ್ಧ ಮಿಲಿಗಿಂತ ಕಡಿಮೆ. ಅಂದರೆ ಹತ್ತು ಹನಿಯೂ ಪೂರ್ತಿ ಇಲ್ಲ, ಯಾಕೆಂದರೆ ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿ. ಇಷ್ಟಕ್ಕೆ ಸೂಜಿ ಕೀಳಬೇಕಾಗಿರಲಿಲ್ಲ.

ಕಾಕಿಯ ಪ್ರಶ್ನೆ ಇನ್ನೂ ಉಳಿದಿದೆ. ಬಾಟ್ಲಿ ತೀರಿದ ಮೇಲೆ ಗಾಳಿ ತಾನಾಗಿಯೇ ಇಳಿದುಹೋಗುವುದಿಲ್ಲವೇ? ಇಳಿಯುತ್ತದೆ, ಆದರೆ ಪೂರ್ತಿ ಅಲ್ಲ. ಸಲಾಯಿನ್ ನರಕ್ಕೆ ಹೋಗುವುದು ಎತ್ತರದ ಬಲದಿಂದ. ಮಾಳಿಗೆಯ ಮೇಲಿನ ಟಾಕಿಯಿಂದ ನಳಕ್ಕೆ ನೀರು ಬಂದ ಹಾಗೆ. ನರದೊಳಗಿನ ರಕ್ತಕ್ಕೂ ತನ್ನದೇ ಒಂದು ಒತ್ತಡ ಇದೆ, ಕೆಲವು ಸೆಂಟಿಮೀಟರ್ ನೀರಿನಷ್ಟು. ಬಾಟ್ಲಿ ಖಾಲಿಯಾದ ಮೇಲೆ ನಳಿಕೆಯ ನೀರಿನ ಮಟ್ಟ ಇಳಿಯುತ್ತ ಬರುತ್ತದೆ. ಉಳಿದ ನೀರಿನ ಎತ್ತರ ಮತ್ತು ನರದ ಒತ್ತಡ ಸರಿಸಮ ಆದ ಕಡೆ ನಿಂತುಬಿಡುತ್ತದೆ. ಡೆಬಿಟ್ಟೂ ಕ್ರೆಡಿಟ್ಟೂ ತಾಳೆಯಾದ ಹಾಗೆ. ಬಹಳ ಹೊತ್ತು ಬಿಟ್ಟರೆ ರಕ್ತವೇ ಸ್ವಲ್ಪ ಹಿಂದೆ ಬಂದು ಸೂಜಿಯಲ್ಲಿ ಹೆಪ್ಪುಗಟ್ಟುತ್ತದೆ. ಆಗ ಇನ್ನೊಂದು ಕಡೆ ಚುಚ್ಚಬೇಕು. ಬಾಟ್ಲಿ ತೀರುವ ಮೊದಲು ನರ್ಸ್‌ಬಾಯಿಗೆ ಹೇಳಬೇಕಾದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಆದರೂ ಎರಡು ಎಚ್ಚರಿಕೆ ಬೇಕು. ಖಾಲಿ ನಳಿಕೆಯಲ್ಲಿ ಗಾಳಿ ತುಂಬಿಕೊಂಡಿರುವಾಗ ಹಾಗೆಯೇ ಹೊಸ ಬಾಟ್ಲಿ ಸಿಕ್ಕಿಸಿದರೆ, ಮೇಲಿನ ನೀರು ಆ ಗಾಳಿಯನ್ನು ಮುಂದಕ್ಕೆ ನೂಕುತ್ತದೆ. ಆದ್ದರಿಂದ ತಿಳಿದವರು ಮೊದಲು ನಳಿಕೆಯ ಗಾಳಿಯನ್ನು ಹೊರಗೆ ಬಿಟ್ಟು ಆಮೇಲೆ ಜೋಡಿಸುತ್ತಾರೆ. ಇನ್ನೊಂದು, ಬೇಗ ಹೋಗಲಿ ಎಂದು ಬಾಟ್ಲಿಯನ್ನು ಹಿಂಡುವುದು. ಇದು ಬಹಳ ಕೆಟ್ಟದ್ದು. ಹಿಂಡಿದಾಗ ಮೇಲೆ ಹೇಳಿದ ಸರಿಸಮದ ಲೆಕ್ಕವೆಲ್ಲ ಮುರಿದುಬೀಳುತ್ತದೆ, ಬಾಟ್ಲಿಯಲ್ಲಿರುವ ಗಾಳಿಗೂ ನೂಕುಬಲ ಬರುತ್ತದೆ. ಹಿಂದೆ ಗಾಜಿನ ಬಾಟ್ಲಿ ಇದ್ದಾಗ ಅದಕ್ಕೆ ಗಾಳಿ ಒಳಬರಲು ಒಂದು ಸೂಜಿ ಬೇಕೇ ಬೇಕಿತ್ತು, ಇಲ್ಲದಿದ್ದರೆ ನೀರು ಇಳಿಯುತ್ತಿರಲಿಲ್ಲ. ತಾನಾಗಿ ಮುದುಡುವ ಮೆತ್ತನೆಯ ಚೀಲಕ್ಕೆ ಅದು ಬೇಡ. ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಗೆ ಮೇಲೆ ಸೂಜಿ ಚುಚ್ಚುವ ಅಭ್ಯಾಸ ನಮ್ಮಲ್ಲಿ ಇನ್ನೂ ಕಾಣುತ್ತದೆ. ಅದರಿಂದ ಗಾಳಿಗಿಂತ ಕ್ರಿಮಿ ಒಳಗೆ ಹೋಗುವ ಹೆದರಿಕೆಯೇ ಹೆಚ್ಚು.

ನಳಿಕೆಯಲ್ಲಿ ದೊಡ್ಡ ಗುಳ್ಳೆ ಕಂಡರೆ ಮನೆಯವರು ಮಾಡಬೇಕಾದದ್ದು ಇಷ್ಟೇ: ನಳಿಕೆಯ ಮೇಲಿರುವ ಚಕ್ರದ ಕ್ಲಿಪ್ ತಿರುಗಿಸಿ ಹರಿವು ನಿಲ್ಲಿಸಿ, ನರ್ಸ್‌ಬಾಯಿಯನ್ನು ಕರೆಯುವುದು. ಸೂಜಿಗೆ ಕೈ ಹಚ್ಚಬಾರದು.

ಇಲ್ಲಿಯವರೆಗೆ ಹೆದರಬೇಡಿ ಎಂದು ಬರೆದೆ. ಈಗ ಹೆದರಬೇಕಾದ ಜಾಗಕ್ಕೆ ಬರುತ್ತೇನೆ. ಕೈಯ ಸೂಜಿಯನ್ನು ಮೂರು ರಾತ್ರಿ ಕಾಯುವ ನಾವು ಕುತ್ತಿಗೆಯ ನಳಿಕೆಯ ಕಡೆ ನೋಡುವುದೇ ಇಲ್ಲ. ಹೆಚ್ಚು ಕಾಯಿಲೆಯವರಿಗೆ ಕುತ್ತಿಗೆಯ ಅಥವಾ ಕಾಲರ್ ಎಲುಬಿನ ಕೆಳಗಿನ ದೊಡ್ಡ ಅಭಿಧಮನಿಗೆ ನಳಿಕೆ ಹಾಕಿರುತ್ತಾರೆ, ಅದರ ತುದಿ ಹೃದಯದ ಹತ್ತಿರವೇ ಇರುತ್ತದೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವ ಎಷ್ಟೋ ಜನ ಇಂಥ ನಳಿಕೆಯನ್ನು ಕುತ್ತಿಗೆಯಲ್ಲಿ ಇಟ್ಟುಕೊಂಡೇ ಲೋಕಲ್ ಗಾಡಿಯಲ್ಲಿ ಮನೆಗೆ ಬರುತ್ತಾರೆ. ಮನುಷ್ಯ ಎದ್ದು ಕೂತಾಗ ಕುತ್ತಿಗೆ ಹೃದಯಕ್ಕಿಂತ ಮೇಲೆ ಬರುತ್ತದೆ. ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಆ ಹೊತ್ತಿಗೆ ನಳಿಕೆಯ ಮುಚ್ಚಳ ಬಿಚ್ಚಿದ್ದರೆ, ಕೈಯ ನರದಲ್ಲಿ ಆದಂತೆ ರಕ್ತ ಹೊರಗೆ ಬರುವುದಿಲ್ಲ, ಗಾಳಿಯೇ ಒಳಗೆ ಎಳೆದುಕೊಳ್ಳುತ್ತದೆ. ನಾವು ಸ್ಟ್ರಾ ಹಾಕಿ ಎಳನೀರು ಎಳೆದಂತೆ. ಅಗಲವಾದ ಸೂಜಿಯ ರಂಧ್ರವೊಂದರಲ್ಲಿ ಬರೀ 5 ಸೆಂಟಿಮೀಟರ್ ನೀರಿನಷ್ಟು ಒತ್ತಡದ ವ್ಯತ್ಯಾಸ ಇದ್ದರೂ ಒಂದು ಸೆಕೆಂಡಿಗೆ ಸುಮಾರು 100 ಮಿಲಿ ಗಾಳಿ ಹೋಗಬಲ್ಲದು ಎಂದು ಲೆಕ್ಕ ಹಾಕಿದ್ದಾರೆ. ಮೇಲಿನ ಕಟಿಂಗ್ ಗ್ಲಾಸಿನ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿರಿ. ಎರಡು ಮೂರು ಸೆಕೆಂಡಿನ ಮಾತು.

ಆದ್ದರಿಂದಲೇ ಇಂಥ ನಳಿಕೆ ತೆಗೆಯುವಾಗ ರೋಗಿಯನ್ನು ಅಡ್ಡ ಮಲಗಿಸುತ್ತಾರೆ, ಉಸಿರು ಬಿಗಿಹಿಡಿಯಲು ಹೇಳುತ್ತಾರೆ, ತೆಗೆದ ಕೂಡಲೇ ಗಟ್ಟಿಯಾಗಿ ಒತ್ತಿ, ಗಾಳಿಯಾಡದ ಪಟ್ಟಿ ಹಾಕಿ, ಸ್ವಲ್ಪ ಹೊತ್ತು ಏಳಬಾರದು ಎನ್ನುತ್ತಾರೆ. "ಮಲಗಿ ಮಲಗಿ ಬೆನ್ನು ನೋವು ಬಂದದ, ಒಂದ್ ಸ್ವಲ್ಪ ಕೂರಿಸೋಣ" ಎಂದು ಪ್ರೀತಿಯಿಂದ ಎಬ್ಬಿಸುವವರು ನಾವೇ. ಹಾಗೆ ಮಾಡಬಾರದು. ಡಯಾಲಿಸಿಸ್‌ನವರ ಮನೆಯಲ್ಲಿ ನಳಿಕೆಯ ಮುಚ್ಚಳ, ಕ್ಲಿಪ್ಪುಗಳನ್ನು ಸ್ನಾನದ ಹೊತ್ತಿಗಾಗಲಿ ಸ್ವಚ್ಛ ಮಾಡಲಿಕ್ಕಾಗಲಿ ಬಿಚ್ಚಕೂಡದು. ಅಕಸ್ಮಾತ್ ಬಿಚ್ಚಿಹೋಗಿ ಉಸಿರು ಕಟ್ಟಿದಂತಾದರೆ ಕೂಡಲೇ ಕ್ಲಿಪ್ ಒತ್ತಿ ನಳಿಕೆ ಮುಚ್ಚಬೇಕು. ರೋಗಿಯನ್ನು ಎಡ ಮಗ್ಗುಲಿಗೆ, ತಲೆ ಕೆಳಗೆ ಬರುವಂತೆ ಮಲಗಿಸಿ ಆಸ್ಪತ್ರೆಯವರನ್ನು ಕರೆಯಬೇಕು. ಎಡ ಮಗ್ಗುಲು ಯಾಕೆ? 1947ರಲ್ಲಿ ಡ್ಯುರಾಂಟ್ ಎಂಬ ಅಮೆರಿಕದ ವೈದ್ಯ ಮತ್ತು ಅವರ ಜೊತೆಗಾರರು ನಾಯಿಗಳ ಮೇಲೆ ನೋಡಿ ಹೇಳಿದ್ದು ಇದು. ಹಾಗೆ ಮಲಗಿದಾಗ ಹಗುರಾದ ಗಾಳಿ ಹೃತ್ಕುಕ್ಷಿಯ ಮೇಲಿನ ಮೂಲೆಯಲ್ಲಿ ನಿಂತು, ಶ್ವಾಸಕೋಶಕ್ಕೆ ಹೋಗುವ ಬಾಗಿಲನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಡುತ್ತಾರೆ. ಅದರಿಂದ ಗುಳ್ಳೆಯೊಳಗಿನ ಸಾರಜನಕ ಬೇಗ ಹೊರಬಂದು ಗುಳ್ಳೆ ಕುಗ್ಗುತ್ತದೆ.

ಡಯಾಲಿಸಿಸ್ ಯಂತ್ರದಲ್ಲಿ ರಕ್ತವನ್ನು ಪಂಪ್ ನೂಕುವುದರಿಂದ ಅಲ್ಲಿ ಎತ್ತರದ ಲೆಕ್ಕ ನಡೆಯುವುದಿಲ್ಲ. ಅದಕ್ಕಾಗಿ ಯಂತ್ರದಲ್ಲೇ ಗಾಳಿ ಹಿಡಿಯುವ ಕಣ್ಣು ಇಟ್ಟಿರುತ್ತಾರೆ. ಗುಳ್ಳೆ ಕಂಡರೆ ಕೂಗುತ್ತದೆ, ನಳಿಕೆಯನ್ನು ತಾನೇ ಹಿಸುಕಿ ನಿಲ್ಲಿಸುತ್ತದೆ. ಯಂತ್ರ ಕೂಗಿದರೆ ಪೀಡೆ ಎಂದು ಬೈಯುವ ಬದಲು ಯಾಕೆ ಕೂಗಿತು ಎಂದು ಕೇಳುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮ ಇದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಇರುವ ಸಣ್ಣ ಬಾಗಿಲು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಅವರಿಗೆ ಅದು ಗೊತ್ತೂ ಇರುವುದಿಲ್ಲ, ತೊಂದರೆಯೂ ಇರುವುದಿಲ್ಲ. ಆದರೆ ಗಾಳಿ ಹೆಚ್ಚು ಹೋಗಿ ಬಲಗಡೆಯ ಒತ್ತಡ ಏರಿದರೆ ಗುಳ್ಳೆ ಶ್ವಾಸಕೋಶದ ಜರಡಿಯನ್ನು ತಪ್ಪಿಸಿ ಎಡಗಡೆಗೆ, ಅಲ್ಲಿಂದ ಮಿದುಳಿಗೆ ಹೋಗಬಹುದು. ಎಡಗಡೆಗೆ ಹೋದ ಗುಳ್ಳೆಗೆ ಮೇಲಿನ 200, 300ರ ಲೆಕ್ಕ ಅನ್ವಯಿಸುವುದಿಲ್ಲ, ಮಿದುಳಿನ ಅಥವಾ ಹೃದಯದ ಅಪಧಮನಿಯಲ್ಲಿ ಒಂದೆರಡು ಮಿಲಿಯೇ ಅನಾಹುತ ಮಾಡಬಲ್ಲದು, ಲಕ್ವ ಹೊಡೆಯಬಹುದು. ಹುಟ್ಟಿದ ಕೂಸುಗಳಿಗೆ ಮತ್ತು ಹೃದಯದಲ್ಲಿ ರಂಧ್ರವಿರುವ ಮಕ್ಕಳಿಗೆ ಸಲಾಯಿನ್ ಹಚ್ಚುವಾಗ ದಾದಿಯರು ಒಂದು ಸಣ್ಣ ಗುಳ್ಳೆಯನ್ನೂ ಬಿಡದೆ ತಟ್ಟಿ ತಟ್ಟಿ ತೆಗೆಯುವುದು ಇದಕ್ಕೇ. ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1968ರ ಫೆಬ್ರವರಿಯಲ್ಲಿ ಡಾ. ಪಿ. ಕೆ. ಸೇನ್ ಅವರು ಭಾರತದ ಮೊದಲ ಹೃದಯ ಬದಲಾವಣೆಯ ಶಸ್ತ್ರಕ್ರಿಯೆ ಮಾಡಿದರು. ಹೃದಯವನ್ನು ತೆರೆದು ಮಾಡುವ ಯಾವ ಶಸ್ತ್ರಕ್ರಿಯೆಯೇ ಆಗಲಿ, ಹೊಲಿಗೆ ಮುಗಿಸುವ ಮೊದಲು ಒಳಗೆ ಉಳಿದ ಗಾಳಿಯನ್ನೆಲ್ಲ ಹೊರಹಾಕುವುದು ಒಂದು ದೊಡ್ಡ ಕೆಲಸ. ಅದು ಮುಗಿಯದೆ ಹೃದಯವನ್ನು ಅದರ ಪಾಡಿಗೆ ಬಿಡುವಂತಿಲ್ಲ.

ಖಾಲಿ ಸಿರಿಂಜಿನಿಂದ ಕೊಲೆ ಮಾಡುವ ಪತ್ತೇದಾರಿ ಕಥೆಗಳ ಬಗ್ಗೆಯೂ ಒಂದು ಮಾತು. 1927ರಲ್ಲೇ ಡೊರೊಥಿ ಸೇಯರ್ಸ್ ಎಂಬ ಇಂಗ್ಲಿಷ್ ಲೇಖಕಿ ಇಂಥ ಕಾದಂಬರಿ ಬರೆದಿದ್ದರು. ಮೇಲಿನ ಲೆಕ್ಕ ನೋಡಿದವರಿಗೆ ಒಂದು ಸಣ್ಣ ಸಿರಿಂಜಿನಿಂದ ಅದು ಸುಲಭವಲ್ಲ ಎಂದು ಹೊಳೆಯುತ್ತದೆ. ನಿಜ ಜೀವನದಲ್ಲಿಯೂ ಇದು ಕೋರ್ಟಿಗೆ ಹೋಯಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡಾ. ಹರ್ಮನ್ ಸ್ಯಾಂಡರ್ ಎಂಬವರು 1949ರ ಡಿಸೆಂಬರಿನಲ್ಲಿ ಕ್ಯಾನ್ಸರಿನಿಂದ ಕೊನೆಯ ಸ್ಥಿತಿಯಲ್ಲಿದ್ದ ಒಬ್ಬ ಹೆಂಗಸಿಗೆ 40 ಮಿಲಿ ಗಾಳಿ ಚುಚ್ಚಿದರೆಂದು ಕೊಲೆಯ ಮೊಕದ್ದಮೆ ನಡೆಯಿತು. ಆಕೆ ಅದಕ್ಕೂ ಮೊದಲೇ ಸತ್ತಿದ್ದಳೇ ಎಂಬುದೇ ದೊಡ್ಡ ವಾದವಾಯಿತು. 1950ರ ಮಾರ್ಚಿನಲ್ಲಿ ಪಂಚರು ಅವರನ್ನು ನಿರ್ದೋಷಿ ಎಂದರು.

ಇಷ್ಟು ಹೊತ್ತು ಹೇಳಿದ್ದು ಹೊರಗಿನಿಂದ ಒಳಗೆ ಬರುವ ಗಾಳಿಯ ಮಾತು. ಆದರೆ ಸೂಜಿಯೇ ಇಲ್ಲದೆ, ರಕ್ತದೊಳಗೇ ಗುಳ್ಳೆ ಹುಟ್ಟುವುದೂ ಉಂಟು. ಮುಂಬಯಿಯಂಥ ಸಮುದ್ರದ ಊರಿನವರು ಇದನ್ನೂ ತಿಳಿದಿರಬೇಕು.

ಗೋಲಿಸೋಡಾ ಎಲ್ಲರಿಗೂ ಗೊತ್ತು. ಗೋಲಿ ಮೇಲಿರುವವರೆಗೆ ಬಾಟ್ಲಿಯಲ್ಲಿ ಒಂದು ಗುಳ್ಳೆಯೂ ಕಾಣುವುದಿಲ್ಲ. ಗ್ಯಾಸ್ ಎಲ್ಲ ಒತ್ತಡದಲ್ಲಿ ಕರಗಿ ಕೂತಿರುತ್ತದೆ. ಗೋಲಿ ಒತ್ತಿ ಟಪ್ ಅನಿಸಿದ ಕೂಡಲೇ ನೊರೆ ಉಕ್ಕುತ್ತದೆ. ನೀರಿನ ಆಳದಲ್ಲಿ ಕೆಲಸ ಮಾಡುವ ಮನುಷ್ಯನ ಮೈ ಈ ಬಾಟ್ಲಿಯ ಹಾಗೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಉಸಿರಾಡುವ ಗಾಳಿಯ ಸಾರಜನಕ ಹೆಚ್ಚು ಹೆಚ್ಚು ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತ ಹೋಗುತ್ತದೆ. ಆತ ದಡಬಡ ಮೇಲೆ ಬಂದರೆ ಗೋಲಿ ಒತ್ತಿದಂತೆಯೇ. ಕೀಲು ಕೀಲುಗಳಲ್ಲಿ ಗುಳ್ಳೆಯೆದ್ದು ನೋವಿನಿಂದ ಮೈ ಬಗ್ಗುತ್ತದೆ. ಬೆನ್ನುಹುರಿಯಲ್ಲಿ ಎದ್ದರೆ ಕಾಲು ಸ್ವಾಧೀನ ತಪ್ಪುತ್ತದೆ.

ಇದನ್ನು ಲೋಕಕ್ಕೆ ಕಲಿಸಿದವರು ಸೇತುವೆ ಕಟ್ಟಿದ ಕೂಲಿಗಳು. ಹೊಳೆಯ ತಳದಲ್ಲಿ ಬುನಾದಿ ತೋಡಲು ದೊಡ್ಡ ಪೆಟ್ಟಿಗೆಯನ್ನು ಬೋರಲಾಗಿ ಇಳಿಸಿ, ಒಳಗೆ ನೀರು ನುಗ್ಗದಂತೆ ಒತ್ತಡದ ಗಾಳಿ ತುಂಬಿ, ಅದರಲ್ಲಿ ಜನ ಅಗೆಯುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲಿ ಎಷ್ಟೋ ಕೂಲಿಗಳು ಹೀಗೆ ನರಳಿದರು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ 1872ರಲ್ಲಿ ಹಾಸಿಗೆ ಹಿಡಿದರು, ಅವರ ಹೆಂಡತಿ ಎಮಿಲಿ ಕೆಲಸ ನೋಡಿಕೊಂಡು 1883ರಲ್ಲಿ ಸೇತುವೆ ಮುಗಿಯಿತು. ಹೆಸರು ಉಳಿದದ್ದು ಇಂಜಿನಿಯರರದು, ಕೂಲಿಗಳದಲ್ಲ. ನಮ್ಮ ದೇಶದಲ್ಲಿ 1943ರಲ್ಲಿ ತೆರೆದ ಕಲಕತ್ತೆಯ ಹೌರಾ ಸೇತುವೆಗೂ ಹೌರಾ ಕಡೆಯ ಬುನಾದಿಯಲ್ಲಿ ಮರಳು ಕುಸಿಯುತ್ತಿದ್ದುದರಿಂದ ಚದರ ಅಂಗುಲಕ್ಕೆ ಸುಮಾರು 40 ಪೌಂಡ್ ಒತ್ತಡದ ಗಾಳಿಯಲ್ಲಿ ಜನ ಕೆಲಸ ಮಾಡಬೇಕಾಯಿತು. ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ಈ ರೋಗಕ್ಕೆ ಸಾರಜನಕದ ಗುಳ್ಳೆಯೇ ಕಾರಣ ಎಂದು ತೋರಿಸಿದರು. ಇಂಗ್ಲೆಂಡಿನ ಹಾಲ್ಡೇನ್ 1908ರಲ್ಲಿ, ಮೇಕೆಗಳ ಮೇಲೆ ಪರೀಕ್ಷಿಸಿ, ಎಷ್ಟು ಆಳದಿಂದ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತು ನಿಂತು ಮೇಲೆ ಬರಬೇಕು ಎಂಬ ಕೋಷ್ಟಕ ಮಾಡಿಕೊಟ್ಟರು.

ಈಗ ನಮ್ಮ ಸಮುದ್ರಕ್ಕೆ ಬರೋಣ. 1974ರಲ್ಲಿ ಸಾಗರ್ ಸಾಮ್ರಾಟ್ ಎಂಬ ಹಡಗು-ಯಂತ್ರ ಎಣ್ಣೆ ಕಂಡ ಬಾಂಬೆ ಹೈ ನಮ್ಮ ದಂಡೆಯಿಂದ ಸುಮಾರು 160 ಕಿಲೋಮೀಟರ್ ದೂರ. ಅಲ್ಲಿ ನೀರಿನ ಆಳ 75 ಮೀಟರಿನ ಆಸುಪಾಸು. ತಳದ ಪೈಪುಗಳನ್ನು ರಿಪೇರಿ ಮಾಡುವ ಮುಳುಗುಗಾರರು ಪ್ರತಿದಿನ ಇಳಿದು ಹತ್ತುವ ಗೋಜಿಗೇ ಹೋಗುವುದಿಲ್ಲ. ಹಡಗಿನ ಮೇಲೆಯೇ ಒಂದು ಉಕ್ಕಿನ ಕೋಣೆಯಲ್ಲಿ ತಳದಷ್ಟೇ ಒತ್ತಡ ಮಾಡಿ, ವಾರಗಟ್ಟಲೆ ಅದರಲ್ಲೇ ಊಟ, ನಿದ್ದೆ. ಉಸಿರಾಡಲು ಸಾರಜನಕದ ಬದಲು ಹೀಲಿಯಂ ಬೆರೆಸಿದ ಆಮ್ಲಜನಕ. ಕೆಲಸ ಮುಗಿದ ಮೇಲೆ ಆ ಕೋಣೆಯ ಬಾಗಿಲು ತೆರೆಯಲು ಮೂರು ನಾಲ್ಕು ದಿನ ಬೇಕು. ಗೋಲಿಯನ್ನು ಅಷ್ಟು ನಿಧಾನವಾಗಿ ಒತ್ತುತ್ತಾರೆ ಎನ್ನಿ. ಇಂಥ ವೈದ್ಯವಿದ್ಯೆಯನ್ನು ನೌಕಾಪಡೆಯವರು ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿ ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಒತ್ತಡದ ಕೋಣೆಯೂ ಅಲ್ಲಿದೆ. ರೋಗಿಯನ್ನು ಮತ್ತೆ ಒತ್ತಡಕ್ಕೆ ಒಳಪಡಿಸಿದರೆ ಗುಳ್ಳೆ ಕುಗ್ಗಿ ಕರಗುತ್ತದೆ, ಆಮೇಲೆ ಮೆಲ್ಲಗೆ ಹೊರಗೆ ತರುತ್ತಾರೆ.

ನಮ್ಮ ಕಾಲೇಜಿನ ಹುಡುಗರು ರಜೆಯಲ್ಲಿ ಮಾಲವಣದ ತಾರ್ಕರ್ಲಿಗೆ, ಕೆಲವರು ಮುರುಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಗೆ ಸ್ಕೂಬಾ ಮಾಡಲು ಹೋಗುತ್ತಿದ್ದಾರೆ. ಅಲ್ಲಿನ ಆಳ ಕಡಿಮೆ ಎಂದು ತಾತ್ಸಾರ ಬೇಡ. ಊರ ಬಾವಿಯಲ್ಲಿ ಬಿದ್ದ ಬಿಂದಿಗೆ ತೆಗೆಯಲು ಮುಳುಗುವವನು ಮೇಲೆಯೇ ಉಸಿರು ತುಂಬಿಕೊಂಡು ಹೋಗಿರುತ್ತಾನೆ. ಕೆಳಗೆ ಹೋದಾಗ ಆ ಗಾಳಿ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನಿಂದ ಉಸಿರಾಡುವವನ ಲೆಕ್ಕ ಹಾಗಲ್ಲ. 10 ಮೀಟರ್ ಆಳದಲ್ಲಿ 5 ಲೀಟರ್ ಉಸಿರು ತುಂಬಿಕೊಂಡು, ಹೆದರಿ ಬಾಯಿ ಬಿಗಿಹಿಡಿದು ಮೇಲೆ ಬಂದರೆ, ಅದು 10 ಲೀಟರ್ ಆಗಲು ನೋಡುತ್ತದೆ. ಎದೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಶ್ವಾಸಕೋಶ ಹರಿದು ಗಾಳಿ ನೇರ ಹೃದಯದ ಎಡಗಡೆಗೆ, ಮಿದುಳಿಗೆ ಹೋಗುತ್ತದೆ. ಮೊದಲೇ ಹೇಳಿದ ಆ ಒಂದೆರಡು ಮಿಲಿಯ ಲೆಕ್ಕಕ್ಕೆ ಬಂದೆವು. ಎದೆ ತುಂಬ ಉಸಿರಿದ್ದರೆ ಒಂದು ಒಂದೂಕಾಲು ಮೀಟರ್ ಆಳದಿಂದಲೂ ಇದು ಆಗಬಹುದು. ನೀರೊಳಗೆ ಎಂದೂ ಉಸಿರು ಬಿಗಿಹಿಡಿಯಬೇಡಿ ಎಂದು ಕಲಿಸುವವರು ಮೊದಲ ಪಾಠದಲ್ಲೇ ಹೇಳುವುದು ಇದಕ್ಕಾಗಿ. ಅದನ್ನು ಹೇಳದೆ ಸೀದಾ ಸಿಲಿಂಡರ್ ಕಟ್ಟಿ ಇಳಿಸುವವರು ಸಿಕ್ಕರೆ, ಕೊಟ್ಟ ದುಡ್ಡು ಹೋದರೆ ಹೋಗಲಿ ಎಂದು ದೋಣಿಯಲ್ಲೇ ಕೂತಿರುವುದು ಲಾಭ.

ಇಳಿದು ಬಂದ ಮೇಲೂ ಮೈಯಲ್ಲಿ ಸಾರಜನಕ ಹೆಚ್ಚಾಗಿಯೇ ಉಳಿದಿರುತ್ತದೆ. ಎತ್ತರಕ್ಕೆ ಹೋದಷ್ಟೂ ಹೊರಗಿನ ಒತ್ತಡ ಕಡಿಮೆ. ಆದ್ದರಿಂದ ಒಂದು ಸಲ ಮುಳುಗಿದವರು ಕನಿಷ್ಠ 12 ತಾಸು, ಹಲವು ಸಲ ಮುಳುಗಿದವರು 18 ತಾಸು ವಿಮಾನ ಹತ್ತಬಾರದೆಂಬ ನಿಯಮ ಇದೆ. ಅದು ಸುಮಾರು 600 ಮೀಟರ್ ಮೇಲಿನ ಎತ್ತರಕ್ಕೆಲ್ಲ ಸಲ್ಲುತ್ತದೆ. ಕೊಂಕಣ ರೈಲಿನಲ್ಲಿ ದಂಡೆಗುಂಟ ವಿಕ್ರೋಳಿಗೆ ಮರಳುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ತಾರ್ಕರ್ಲಿಯಲ್ಲಿ ಮಧ್ಯಾಹ್ನ ಮುಳುಗಿ ಸಂಜೆಯೇ ಗಾಡಿ ಮಾಡಿಕೊಂಡು ಅಂಬೋಲಿ ಘಟ್ಟ ಹತ್ತಿ ಬೆಳಗಾವಿಗೆ ಹೋಗುವವರು ಒಂದು ರಾತ್ರಿ ಕೆಳಗೇ ಉಳಿದು ಮರುದಿನ ಹೊರಡಬೇಕು.